ಹತ್ತು ದಿನ ಬರೀ ಬಾಖ್

2005ರ ಡಿಸೆಂಬರ್‌ನಲ್ಲಿ ಬಿಬಿಸಿಯ ರೇಡಿಯೋ 3 ವಾಹಿನಿ ತನ್ನ ಎಂದಿನ ಕಾರ್ಯಕ್ರಮಗಳನ್ನು ಬದಿಗಿಟ್ಟು, ಕ್ರಿಸ್‌ಮಸ್‌ವರೆಗೆ ಹತ್ತು ದಿನ ಹಗಲೂ ರಾತ್ರಿ ಯೊಹಾನ್ ಸೆಬಾಸ್ಟಿಯನ್ ಬಾಖನ ಸಂಗೀತವನ್ನೇ ಬಿತ್ತರಿಸಿತು. ಅದೇ ವರ್ಷದ ಜೂನ್‌ನಲ್ಲಿ ಬೀಥೋವನನಿಗೂ ಸುಮಾರು ಒಂದು ವಾರ ಹೀಗೆಯೇ ಸಂದಿತ್ತು. ಆಮೇಲೆ 2007ರಲ್ಲಿ ಚೈಕೋವ್‌ಸ್ಕಿ ಮತ್ತು ಸ್ಟ್ರಾವಿನ್‌ಸ್ಕಿ ಜೋಡಿ, 2011ರ ಜನವರಿಯ ಮೊದಲ ಹನ್ನೆರಡು ದಿನ ಮೊಜಾರ್ಟ್, 2012ರ ಮಾರ್ಚ್‌ನಲ್ಲಿ ಎಂಟು ದಿನಕ್ಕೂ ಮೀರಿ ಶೂಬರ್ಟ್. ಪ್ರತಿ ಸಲವೂ ಕೇಳುಗರು ಎರಡು ಪಾಳಯವಾದರು. ಒಂದು ಕಡೆಯವರಿಗೆ ಅದು ಹಬ್ಬ. ಕೆಲಸಕ್ಕೆ ಹೊರಟಾಗ, ಅಡುಗೆ ಮಾಡುವಾಗ, ನಿದ್ದೆ ಬಾರದ ಹೊತ್ತಿನಲ್ಲಿ, ಯಾವಾಗ ರೇಡಿಯೋ ಹಾಕಿದರೂ ಅದೇ ಮನುಷ್ಯ ಸಿಗುತ್ತಾನೆ ಎಂಬುದೇ ಅವರಿಗೆ ದೊಡ್ಡ ನೆಮ್ಮದಿ. ಇನ್ನೊಂದು ಕಡೆಯವರು ರೇಗಿದರು. ಶುಲ್ಕ ಕಟ್ಟುವವರು ನಾವು, ನಮ್ಮ ಬೆಳಗನ್ನೂ ಸಂಜೆಯನ್ನೂ ಒಬ್ಬನಿಗೇ ಬರೆದುಕೊಡುವ ಹಕ್ಕು ಇವರಿಗೆಲ್ಲಿಯದು ಎಂಬುದು ಅವರ ಪ್ರಶ್ನೆ. ನಾನು ಹಬ್ಬದವರ ಕಡೆ. ಆದರೆ ರೇಗಿದವರ ಮಾತಿನಲ್ಲಿ ತೂಕವಿದೆ. ಅವರ ಆಕ್ಷೇಪಗಳನ್ನು ಎದುರಿಟ್ಟುಕೊಂಡು ಯೋಚಿಸಿದಾಗಲೇ ಇಂಥ ಪ್ರಸಾರ ಯಾವಾಗ ಸರಿ, ಯಾರ ವಿಷಯದಲ್ಲಿ ಸರಿ ಎಂಬುದು ತಿಳಿಯಾಗುವುದು.

ಇದು ಬಿಬಿಸಿಗೆ ಒಮ್ಮೆಲೇ ಹೊಳೆದ ಯೋಚನೆಯಲ್ಲ. ಒಬ್ಬ ರಚನಕಾರನನ್ನು ಹಿಡಿದು ದಿನವೂ ಸ್ವಲ್ಪ ಹೊತ್ತು ಕೇಳಿಸುವ 'ಈ ವಾರದ ರಚನಕಾರ' ಎಂಬ ಕಾರ್ಯಕ್ರಮ 1943ರಲ್ಲೇ ಅಲ್ಲಿ ಶುರುವಾಗಿತ್ತು. ಹೆಸರು ತುಸು ಬದಲಾಗಿ ಇಂದಿಗೂ ನಡೆಯುತ್ತಿದೆ. ಅಮೆರಿಕದಲ್ಲಿ ಈ ಹುಚ್ಚು ವಿದ್ಯಾರ್ಥಿಗಳದು. ಹಾರ್ವರ್ಡ್ ವಿಶ್ವವಿದ್ಯಾಲಯದ ರೇಡಿಯೋದಲ್ಲಿ ಪರೀಕ್ಷೆ ಮುಗಿಸಿ ಬಂದ ಹುಡುಗನೊಬ್ಬ ಬೀಥೋವನನ ಒಂಬತ್ತೂ ಸಿಂಫನಿಗಳನ್ನು ಒಂದರ ಹಿಂದೊಂದು ಹಾಕಿದ್ದೇ ಅಲ್ಲಿನ ಸಂಪ್ರದಾಯಕ್ಕೆ ಮೂಲ ಎನ್ನುತ್ತಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಡಬ್ಲ್ಯುಕೆಸಿಆರ್ ಕೇಂದ್ರ ಪ್ರತಿ ವರ್ಷ ಡಿಸೆಂಬರ್‌ನ ಕೊನೆಯ ದಿನಗಳನ್ನು ಬಾಖನಿಗೆ ಬಿಟ್ಟುಕೊಡುತ್ತದೆ. ಜಾಝ್ ಕಲಾವಿದರ ಹುಟ್ಟುಹಬ್ಬಕ್ಕೆ ಇಡೀ ದಿನ ಅವರನ್ನೇ ನುಡಿಸುತ್ತದೆ. ಆದರೆ ಸಣ್ಣ ಕೇಂದ್ರದ ಹುರುಪೇ ಬೇರೆ, ಒಂದು ದೇಶದ ಸಾರ್ವಜನಿಕ ವಾಹಿನಿಯ ಹೊಣೆಯೇ ಬೇರೆ. ಜಗಳ ಹುಟ್ಟುವುದು ಎರಡನೆಯ ಕಡೆಯಲ್ಲಿ.

ಮೊದಲ ಆಕ್ಷೇಪ ಆಯ್ಕೆಯದು. ಹೋಳಿಗೆ ಎಷ್ಟೇ ರುಚಿಯಾಗಿದ್ದರೂ ಮೂರು ಹೊತ್ತೂ ಅದನ್ನೇ ಬಡಿಸಿದರೆ ಊಟವಾಗುವುದಿಲ್ಲ ಎಂಬ ಧಾಟಿಯ ಮಾತಿದು. ಇದಕ್ಕೆ ನನ್ನ ಉತ್ತರ ನೇರವಾದದ್ದು. ಬೇಕಾದ್ದನ್ನು ಬೇಕಾದಾಗ ಕೇಳುವ ಅನುಕೂಲ ಈಗ ಎಲ್ಲರ ಕೈಯಲ್ಲಿದೆ. ರೇಡಿಯೋ ಕೊಡಬಲ್ಲದ್ದು ನಾವು ಎಂದೂ ಆರಿಸಿಕೊಳ್ಳಲಾರದ ಸಂಗೀತವನ್ನು. ಮೊಜಾರ್ಟನನ್ನೇ ನೋಡಿ. 1787ರ ಡಿಸೆಂಬರ್‌ನಲ್ಲಿ ಅವನಿಗೆ ವಿಯೆನ್ನಾದ ಅರಮನೆಯಲ್ಲಿ ವರ್ಷಕ್ಕೆ 800 ಫ್ಲೋರಿನ್ ಸಂಬಳದ ಹುದ್ದೆ ಸಿಕ್ಕಿತು. ಅದರ ಮುಖ್ಯ ಕೆಲಸ ಅರಮನೆಯ ನೃತ್ಯಕೂಟಗಳಿಗೆ ಕುಣಿತದ ಸಂಗೀತ ಬರೆದುಕೊಡುವುದು. 1788ರ ಬೇಸಿಗೆಯಲ್ಲಿ ಅವನು ತನ್ನ ಕೊನೆಯ ಮೂರು ಸಿಂಫನಿಗಳನ್ನು ಎರಡು ತಿಂಗಳೊಳಗೆ ಮುಗಿಸಿದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೂತು ಮಿನುಯೆಟ್‌ಗಳನ್ನೂ ಜರ್ಮನ್ ನೃತ್ಯಗಳನ್ನೂ ಬರೆದ. ಆ ಸಿಂಫನಿಗಳು ಎಲ್ಲೆಂದರಲ್ಲಿ ಸಿಗುತ್ತವೆ. ಮಿನುಯೆಟ್‌ಗಳನ್ನು ಹುಡುಕಿಕೊಂಡು ಹೋಗಿ ಕೇಳುವವರು ಯಾರು? ಮೊಜಾರ್ಟನ ಕೃತಿಗಳ ಕ್ಯೋಖೆಲ್ ಪಟ್ಟಿಯ 626 ಸಂಖ್ಯೆಗಳನ್ನೂ ಬಿಡದೆ ಬಿತ್ತರಿಸಿದಾಗ ಅವು ಬೆಳಗಿನ ಕಾಫಿಯ ಹೊತ್ತಿಗೆ ತಾವಾಗಿ ಕಿವಿಗೆ ಬೀಳುತ್ತವೆ. ಇಷ್ಟು ಹಗುರವಾದದ್ದನ್ನೆಲ್ಲ ಯಾಕೆ ಹಾಕಬೇಕು ಎಂದು ಗೊಣಗುವವರು ಒಂದು ಸಂಗತಿಯನ್ನು ಗಮನಿಸಬೇಕು. ಆ ಪುಟ್ಟ ನೃತ್ಯಗಳಲ್ಲೂ ಗಾಳಿವಾದ್ಯಗಳನ್ನು ಅವನು ಸಿಂಫನಿಯಷ್ಟೇ ಮುತುವರ್ಜಿಯಿಂದ ಹೆಣೆದಿದ್ದಾನೆ. ಸಂಬಳಕ್ಕೆ ಮಾಡಿದ ಕೆಲಸದಲ್ಲೂ ಕೈ ಸೋಲದ ಒಬ್ಬ ಕಸುಬುದಾರ ಅಲ್ಲಿದ್ದಾನೆ. ದೇವರು ಉಸುರಿದ್ದನ್ನು ಬರೆದುಕೊಂಡವನು ಎಂಬ ಹಳೆಯ ಕಥೆಗಿಂತ ಈ ಮನುಷ್ಯ ನನಗೆ ಹೆಚ್ಚು ದೊಡ್ಡವನಾಗಿ ಕಾಣುತ್ತಾನೆ.

ಬಾಖನ ವಿಷಯದಲ್ಲಿ ಈ ವಾದ ಇನ್ನೂ ಗಟ್ಟಿಯಾಗುತ್ತದೆ. ಅವನ ಕ್ರಿಸ್‌ಮಸ್ ಒರಟೋರಿಯೊ ಮೊದಲು ಹಾಡಲ್ಪಟ್ಟದ್ದು 1734ರ ಕ್ರಿಸ್‌ಮಸ್‌ನಿಂದ 1735ರ ಜನವರಿ 6ರವರೆಗಿನ ಹಬ್ಬದ ದಿನಗಳಲ್ಲಿ, ಆರು ಭಾಗಗಳಾಗಿ. ಅದರ ಆರಂಭ ವಿಚಿತ್ರವಾದದ್ದು: ಪಿಟೀಲುಗಳೂ ಕಹಳೆಗಳೂ ಕಾದು ನಿಂತಿರುವಾಗ ನಗಾರಿಯೊಂದೇ ಮುಂದೆ ಬಂದು ಐದು ಪೆಟ್ಟು ಹಾಕುತ್ತದೆ. ಯೇಸುವಿನ ಜನನದ ಹಾಡಿಗೆ ನಗಾರಿಯೇ ಯಾಕೆ ಮೊದಲು? ಕಾರಣ ಇನ್ನೊಂದು ಕೃತಿಯಲ್ಲಿದೆ. ಆರಂಭದ ಈ ಸಮೂಹಗಾನವನ್ನು ಬಾಖ್ ಮೊದಲು ಬರೆದದ್ದು 1733ರ ಡಿಸೆಂಬರ್‌ನಲ್ಲಿ, ಸ್ಯಾಕ್ಸನಿಯ ದೊರೆಯ ಪತ್ನಿಯಾದ ಪೋಲೆಂಡಿನ ರಾಣಿಯ ಹುಟ್ಟುಹಬ್ಬಕ್ಕೆ ರಚಿಸಿದ ಕಂಟಾಟ ಎಂಬ ಗಾನಕೃತಿಗೆಂದು. ಅಲ್ಲಿನ ಸಾಹಿತ್ಯ ಮೊದಲ ಮಾತಿನಲ್ಲೇ ನಗಾರಿಗಳಿಗೆ ಮೊಳಗಿರಿ ಎನ್ನುತ್ತದೆ, ನಗಾರಿ ಮೊಳಗುತ್ತದೆ. ಒಂದು ವರ್ಷದ ನಂತರ ಸಾಹಿತ್ಯ ಬದಲಾಯಿತು, ನಗಾರಿಯ ಪೆಟ್ಟು ಹಾಗೇ ಉಳಿಯಿತು. ಒರಟೋರಿಯೊ ಕ್ರಿಸ್‌ಮಸ್ ಬಂದರೆ ಯಾವ ಕೇಂದ್ರದಲ್ಲಾದರೂ ಸಿಗುತ್ತದೆ. ರಾಣಿಯ ಹುಟ್ಟುಹಬ್ಬದ ಕಂಟಾಟ ಮಾತ್ರ ಸಾಮಾನ್ಯ ದಿನಗಳಲ್ಲಿ ಅಪರೂಪ. ಎಲ್ಲವನ್ನೂ ಹಾಕುವ ಹತ್ತು ದಿನಗಳಲ್ಲಿ ಎರಡೂ ಬರಲೇಬೇಕು. ಯಾವ ಉಪನ್ಯಾಸವೂ ಇಲ್ಲದೆ ಕೇಳುಗನ ಕಿವಿಯೇ ಅವುಗಳ ನಂಟನ್ನು ಪತ್ತೆಹಚ್ಚುತ್ತದೆ. ಅರಮನೆಗೂ ಚರ್ಚಿಗೂ ಒಂದೇ ಸ್ವರ ಸಲ್ಲುತ್ತಿದ್ದ ಕಾಲವೊಂದಿತ್ತೆಂಬುದು ಹೀಗೆ ಮನಸ್ಸಿಗೆ ಇಳಿಯುತ್ತದೆ.

ಇಲ್ಲಿ ಜಾಣ ಕೇಳುಗರೊಬ್ಬರು ತಡೆಯಬಹುದು. ಬಾಖ್ 1723ರಲ್ಲಿ ಲೈಪ್‌ಝಿಗ್‌ಗೆ ಬಂದವನು ವಾರಕ್ಕೊಂದರಂತೆ ಕಂಟಾಟ ಬರೆದ. ಅಲ್ಲಿನ ಭಕ್ತರು ಭಾನುವಾರ ಒಂದನ್ನು ಕೇಳಿ ಮುಂದಿನ ಭಾನುವಾರದವರೆಗೆ ಕಾದರು. ಉಳಿದುಬಂದಿರುವ ಸುಮಾರು ಇನ್ನೂರು ಕಂಟಾಟಗಳನ್ನು ಹತ್ತು ದಿನಕ್ಕೆ ತುರುಕಿದರೆ ಅವನ್ನು ಗೌರವಿಸಿದಂತೆಯೋ, ಕೆಡಿಸಿದಂತೆಯೋ? ಇದು ನ್ಯಾಯವಾದ ಪ್ರಶ್ನೆ. ಒಬ್ಬನೇ ಕೂತು ಇನ್ನೂರನ್ನೂ ಕೇಳುವುದಾದರೆ ಕಿವಿ ಸೋಲುವುದು ಖಂಡಿತ, ನಾಲ್ಕನೆಯದಕ್ಕೂ ಐದನೆಯದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ರೇಡಿಯೋವನ್ನು ಯಾರೂ ಹಾಗೆ ಕೇಳುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ದಾರಿಯಲ್ಲಿ ಮುಕ್ಕಾಲು ಗಂಟೆ, ರಾತ್ರಿ ಸ್ವಲ್ಪ. ಹತ್ತು ದಿನದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಹತ್ತಿಪ್ಪತ್ತು ಗಂಟೆ, ಅದೂ ಒಬ್ಬೊಬ್ಬರಿಗೆ ಒಂದೊಂದು ಭಾಗ. ಇಡೀ ದಿನವನ್ನು ಕೊಡುವುದರ ಅರ್ಥ ಇಡೀ ದಿನ ಕೇಳಿರೆಂದಲ್ಲ. ರಾತ್ರಿಪಾಳಿಯ ನರ್ಸಿಗೂ ಬೆಳಗಿನ ಬಸ್ಸಿನವನಿಗೂ ಬಾಗಿಲು ಒಂದೇ ಸಮನೆ ತೆರೆದಿರುತ್ತದೆ ಎಂದು. ಬಿಬಿಸಿ 2009ರಲ್ಲಿ ಹ್ಯಾಂಡೆಲನ ಒಪೆರಾಗಳನ್ನು ವರ್ಷವಿಡೀ ವಾರಕ್ಕಿಷ್ಟೆಂದು ಹಂಚಿ ಕೇಳಿಸಿತ್ತು. ಸಮಾಧಾನದ ಕ್ರಮವೇನೋ ಹೌದು. ಆದರೆ ವಾರದ ಆ ಒಂದು ಮಧ್ಯಾಹ್ನ ಬಿಡುವಿಲ್ಲದವನಿಗೆ ವರ್ಷವಿಡೀ ಆ ಬಾಗಿಲು ಮುಚ್ಚಿಯೇ ಇತ್ತು.

ನಿಜವಾಗಿ ಬಲವಾದ ಆಕ್ಷೇಪ ಬೇರೆಯೇ ಇದೆ. ಸಮಯ ಎಲ್ಲಿಂದಲೋ ಬರಬೇಕಲ್ಲ. ಬಾಖನಿಗೆ ಕೊಟ್ಟ ಹತ್ತು ದಿನವನ್ನು ಜಾಝ್‌ನಿಂದ, ಬೇರೆ ಬೇರೆ ದೇಶಗಳ ಸಂಗೀತದಿಂದ, ಬದುಕಿರುವ ರಚನಕಾರರಿಂದ ಕಿತ್ತುಕೊಂಡದ್ದೇ ಸೈ. ಸತ್ತು ಇನ್ನೂರೈವತ್ತು ವರ್ಷ ಮೀರಿದ, ಯಾವ ಸಹಾಯವೂ ಬೇಡದ ಮಹಾಪುರುಷನಿಗೆ ಅದನ್ನು ಕೊಡುವುದು ಉಳ್ಳವರಿಗೇ ಕೊಟ್ಟಂತೆ. ಈ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಕಟ್ಟುಪಾಡೊಂದಿದೆ. ಇಂಥ ಪ್ರಸಾರ ವರ್ಷಕ್ಕೊಮ್ಮೆಗಿಂತ ಹೆಚ್ಚು ನಡೆಯಬಾರದು, ಹತ್ತು ದಿನ ಮೀರಬಾರದು. ಮುಖ್ಯವಾಗಿ, ಯಾರನ್ನು ಆರಿಸುತ್ತೇವೆಂಬುದು ಕೀರ್ತಿಯ ಮೇಲೆ ನಿಲ್ಲದೆ, ಅವರ ಕೃತಿರಾಶಿಯಲ್ಲಿ ಎಷ್ಟು ಪಾಲು ಇನ್ನೂ ಕೇಳದೆ ಬಿದ್ದಿದೆ ಎಂಬುದರ ಮೇಲೆ ನಿಲ್ಲಬೇಕು. ಇದೇ ಉಪಾಯವನ್ನು ಬಲಹೀನರ ಪರವಾಗಿಯೂ ಬಳಸಬಹುದೆಂಬುದಕ್ಕೆ ಬಿಬಿಸಿಯೇ ಸಾಕ್ಷಿ: 2015ರ ಮಾರ್ಚ್ 8ರಂದು, ಅಂತರರಾಷ್ಟ್ರೀಯ ಮಹಿಳಾ ದಿನಕ್ಕೆ, ರೇಡಿಯೋ 3 ಇಡೀ ದಿನ ಮಹಿಳೆಯರು ರಚಿಸಿದ ಸಂಗೀತವನ್ನೇ ಹಾಕಿತು. ಆಗ ಯಾರ ಜಾಗ ಯಾರಿಗೆ ಹೋಯಿತು ಎಂಬ ಲೆಕ್ಕವೇ ತಿರುಗಿತು.

ಈ ಅಳತೆಗೋಲಿನಿಂದ ನೋಡಿದರೆ ಶೂಬರ್ಟನ ವಾರ ಸರಿಯಾದದ್ದು. 1797ರಲ್ಲಿ ಹುಟ್ಟಿ 1828ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡವನು ಆರುನೂರಕ್ಕೂ ಹೆಚ್ಚು ಹಾಡು ಬರೆದ. ಕಛೇರಿಗಳಲ್ಲಿ ಮತ್ತೆ ಮತ್ತೆ ಕೇಳುವುದು ಅವುಗಳಲ್ಲಿ ಕೆಲವನ್ನೇ. ಮೊಜಾರ್ಟ್ ಅರ್ಧ ಸರಿ. ಬೀಥೋವನನ ವಾರದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಆ ಒಂಬತ್ತು ಸಿಂಫನಿಗಳಿಗೆ ಇನ್ನೊಬ್ಬರ ಶಿಫಾರಸು ಬೇಕಿರಲಿಲ್ಲ. ಹಾಗೆಂದಾಗ ನನ್ನ ಎದುರಿಗೆ ಹಿಡಿಯಬಹುದಾದ ಸಂಖ್ಯೆಯೊಂದಿದೆ, ಮುಚ್ಚಿಡುವುದು ತಪ್ಪು. ಆ ಸಂದರ್ಭದಲ್ಲಿ ಬಿಬಿಸಿ ಫಿಲ್‌ಹಾರ್ಮಾನಿಕ್ ವಾದ್ಯಮೇಳ ಜಿಯಾನಂದ್ರಿಯಾ ನೊಸೆಡಾ ನಿರ್ದೇಶನದಲ್ಲಿ ನುಡಿಸಿದ ಒಂಬತ್ತೂ ಸಿಂಫನಿಗಳನ್ನು ಕೆಲ ದಿನದ ಮಟ್ಟಿಗೆ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟರು. ಜನ ಸುಮಾರು 14 ಲಕ್ಷ ಸಲ ಇಳಿಸಿಕೊಂಡರು. ಧ್ವನಿಮುದ್ರಣ ಕಂಪನಿಗಳು ನಮ್ಮ ಹೊಟ್ಟೆಗೆ ಕಲ್ಲು ಹಾಕಿದಿರೆಂದು ಕೂಗಾಡಿದವು. ಎಲ್ಲರಿಗೂ ಗೊತ್ತಿರುವುದೆಂದು ನಾವು ಅಂದುಕೊಂಡದ್ದು ಎಷ್ಟೋ ಮಂದಿಗೆ ದಕ್ಕಿರಲೇ ಇಲ್ಲವೆಂದು ಇದರಿಂದ ವಾದಿಸಬಹುದು. ಒಪ್ಪುತ್ತೇನೆ. ಆದರೆ ಉಚಿತವಾಗಿ ಕೊಡುವುದಕ್ಕೆ ಒಂಬತ್ತು ಸಿಂಫನಿ ಸಾಕಿತ್ತು, ಇಡೀ ವಾಹಿನಿ ಬೇಕಿರಲಿಲ್ಲ.

ಒಬ್ಬ ರಚನಕಾರನನ್ನು ಇಡಿಯಾಗಿ ಕೇಳಬೇಕೆಂಬ ಹಂಬಲದಲ್ಲಿ ಲಂಡನ್ನಿಗೂ ಮೈಸೂರಿಗೂ ಒಂದು ನಂಟಿದೆ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ರಚನಕಾರ ಎರಡನೆಯ ಮಹಾಯುದ್ಧದ ಹೊತ್ತಿಗೆ ಬಡವನಾಗಿ, ಹೃದಯದ ಕಾಯಿಲೆಯಿಂದ ಬಳಲುತ್ತ, ಹೆಚ್ಚುಕಡಿಮೆ ಮರೆತುಹೋಗಿದ್ದ. ಅವನ ಕೈಯಿಂದಲೇ ಅವನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಅದಕ್ಕೆಂದೇ ಮೆಟ್ನರ್ ಸೊಸೈಟಿ ಹುಟ್ಟಿತು. ಮೂರು ಪಿಯಾನೊ ಕಂಚೆರ್ಟೊಗಳು, ಸೊನಾಟಗಳು, ಹಾಡುಗಳು ಗ್ರಾಮಫೋನ್ ತಟ್ಟೆಯ ಮೇಲೆ ಬಂದವು. ಮೆಟ್ನರ್ ತನ್ನ ಮೂರನೆಯ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡ. ಮಹಾರಾಜರಿಗೆ ಬೀಥೋವನನೂ ಗೊತ್ತಿದ್ದ, ಬಾಖನೂ ಗೊತ್ತಿದ್ದ. ಆದರೆ ಹಣವನ್ನೂ ಪ್ರೀತಿಯನ್ನೂ ಅವರು ಹರಿಸಿದ್ದು ಯಾರೂ ಕೇಳದವನ ಕಡೆಗೆ. ಇಂದು ಮೆಟ್ನರನ ಬೆರಳನ್ನು ಕೇಳಬಯಸುವ ಪಿಯಾನೊ ವಾದಕ ಮುಖ್ಯವಾಗಿ ಆ ಧ್ವನಿಮುದ್ರಣಗಳಿಗೆ ಬರಬೇಕು. ಇಡೀ ವಾಹಿನಿಯನ್ನು ಯಾರಿಗೆ ಕೊಡಬೇಕೆಂದು ಯೋಚಿಸುವ ಅಧಿಕಾರಿಗಳಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ನನಗೆ ಹೊಳೆಯುವುದಿಲ್ಲ.

ಅದೇ ಮಹಾರಾಜರು ಸ್ವತಃ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು, ಶ್ರೀವಿದ್ಯೆಯ ಉಪಾಸಕರು. ಅಠಾಣ ರಾಗದ 'ಶ್ರೀ ಮಹಾಗಣಪತಿಂ' ಕಛೇರಿಗಳಲ್ಲಿ ಆಗಾಗ ಸಿಗುತ್ತದೆ. ಇನ್ನು ಕೆಲವನ್ನು ಬಲ್ಲವರು ಹಾಡುತ್ತಾರೆ. ಅಪೂರ್ವ ರಾಗಗಳಲ್ಲಿರುವ ಎಷ್ಟೋ ರಚನೆಗಳು ಸಾಮಾನ್ಯ ಕೇಳುಗನ ಕಿವಿಗೆ ಬಿದ್ದೇ ಇಲ್ಲ. ತ್ಯಾಗರಾಜರ ಆರಾಧನೆಯನ್ನು ಆಕಾಶವಾಣಿ ತಿರುವಯ್ಯಾರಿನಿಂದ ನೇರವಾಗಿ ಕೇಳಿಸುತ್ತದೆ, ಕೇಳಿಸಲಿ; ಆದರೆ ಪಂಚರತ್ನ ಕೃತಿಗಳು ಮರೆತುಹೋಗುವ ಭಯವಂತೂ ಇಲ್ಲ. ದಿನದ ಇಪ್ಪತ್ನಾಲ್ಕು ಗಂಟೆಯೂ ಶಾಸ್ತ್ರೀಯ ಸಂಗೀತಕ್ಕೇ ಮೀಸಲೆಂದು 2016ರಲ್ಲಿ ಬೆಂಗಳೂರಿನಿಂದ ಶುರುವಾದ 'ರಾಗಂ' ವಾಹಿನಿ ಆಕಾಶವಾಣಿಯ ಕೈಯಲ್ಲೇ ಇದೆ. ಒಂದೊಂದು ಕೃತಿಗೆ ಹತ್ತು ನಿಮಿಷ ಹಿಡಿದರೂ 94 ಕೃತಿಗಳಿಗೆ ಹದಿನಾರು ಗಂಟೆ ಸಾಕು, ಮಿಕ್ಕ ಹೊತ್ತಿನಲ್ಲಿ ಮೆಟ್ನರನ ಮೂರನೆಯ ಕಂಚೆರ್ಟೊವನ್ನೂ ಕೇಳಿಸಬಹುದು. ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. ಬರುವ ಜುಲೈ 18ನ್ನು ಆಕಾಶವಾಣಿಯವರು ಅವರಿಗೇ ಬಿಟ್ಟುಕೊಡಲಿ. ರೇಗುವ ಕೇಳುಗರು ರೇಗಲಿ, ಪತ್ರ ಬರೆಯಲಿ. ಆ ಪತ್ರಗಳನ್ನೂ ಮಾರನೆಯ ದಿನ ಓದಿ ಹೇಳಲಿ.