ತಪ್ಪು ಮಾಡಿದವರಿಗೂ ಒಂದು ಬಾಗಿಲು

ಹವಾಯಿ ಅಂದ್ರೆ ಬೀಚು, ಸರ್ಫಿಂಗ್, ಜ್ವಾಲಾಮುಖಿ. ಅಷ್ಟೇ ನೋಡಿ ವಾಪಸ್ ಬರಬೇಡಿ. ಬಿಗ್ ಐಲ್ಯಾಂಡ್‌ನ ಕೋನಾ ಕರಾವಳಿಯಲ್ಲಿ ‘ಪುಉಹೊನುವಾ ಓ ಹೊನೌನೌ’ ಅನ್ನೋ ಜಾಗವಿದೆ. ಪುಉಹೊನುವಾ ಅಂದ್ರೆ ಆಶ್ರಯತಾಣ.

ಇಲ್ಲಿ ಗೈಡ್ ಬೇಕಿಲ್ಲ. ವಿಸಿಟರ್ ಸೆಂಟರ್‌ನಲ್ಲಿ ಕೊಡುವ ಮ್ಯಾಪ್ ಹಿಡಿದು, ನಂಬರ್ ನೋಡಿಕೊಂಡು ನಮ್ಮ ಪಾಡಿಗೆ ನಡೆಯಬಹುದು. ದಾರಿ ಚಿಕ್ಕದು, ಆದರೆ ನಾನು ಅಲ್ಲಲ್ಲಿ ನಿಂತು ನಿಂತು ಹೋದೆ.

ಮೊದಲು ಸಿಗೋದು ಅರಸರ ಅಂಗಳ. ತೆಂಗಿನ ಮರಗಳು, ಮೀನಿನ ಕೊಳ, ಕೊನಾನೆ ಎಂಬ ಆಟದ ಕಲ್ಲುಮಣೆ. ಪಕ್ಕದ ಪುಟ್ಟ ಕೊಲ್ಲಿಯಲ್ಲಿ ಒಂದು ಕಾಲಕ್ಕೆ ಅರಸರ ದೋಣಿ ಮಾತ್ರ ದಡ ಸೇರಬಹುದಿತ್ತು. ಈಗ ಅಲ್ಲಿ ಕಡಲಾಮೆಗಳು ಆರಾಮಾಗಿ ಬಿಸಿಲು ಕಾಯಿಸ್ತವೆ.

ಆಗಿನ ಬದುಕನ್ನು ಆಳುತ್ತಿದ್ದದ್ದು ‘ಕಪು’ ಎಂಬ ಕಟ್ಟಳೆ. ನಮ್ಮ ಮಡಿ-ಮೈಲಿಗೆ ನೆನಪಿಸುವಂಥದ್ದು, ಆದರೆ ಇನ್ನೂ ಕಠಿಣ. ಗಂಡಸರು, ಹೆಂಗಸರು ಒಟ್ಟಿಗೆ ಕೂತು ಉಣ್ಣುವಂತಿಲ್ಲ. ಹೆಂಗಸರು ಹಂದಿಮಾಂಸ ತಿನ್ನುವಂತಿಲ್ಲ. ಹೆಚ್ಚಿನ ಬಾಳೆಹಣ್ಣುಗಳೂ ಅವರಿಗೆ ನಿಷಿದ್ಧ. ಕಪು ಮುರಿದರೆ ಸಾವೇ ಶಿಕ್ಷೆ.

ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ: ಬೆನ್ನಟ್ಟಿದವರ ಕೈಗೆ ಸಿಗದೆ ಇಲ್ಲಿಗೆ ತಲುಪಬೇಕು. ಎಷ್ಟೋ ಜನ ಈಜಿಯೇ ಬರಬೇಕಿತ್ತು. ತಲುಪಿದವರನ್ನು ಪುರೋಹಿತರು ಶುದ್ಧಿ ಮಾಡಿ ಮನೆಗೆ ಕಳಿಸುತ್ತಿದ್ದರು. ಯುದ್ಧ ಬಂದಾಗ ಮಕ್ಕಳು, ಮುದುಕರು, ಸೋತ ಸೈನಿಕರಿಗೂ ಇದೇ ಆಸರೆ.

ಅರಸರ ಅಂಗಳವನ್ನೂ ಆಶ್ರಯತಾಣವನ್ನೂ ಬೇರೆ ಮಾಡುವ ಗೋಡೆ ನೋಡಿದರೆ ಬೆರಗಾಗುತ್ತದೆ. ಸುಮಾರು 12 ಅಡಿ ಎತ್ತರ, 18 ಅಡಿ ದಪ್ಪ, 950 ಅಡಿ ಉದ್ದ. ಗಾರೆಯ ಸುಳಿವೇ ಇಲ್ಲ, ಲಾವಾ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ್ದು. ಅದರ ತುದಿಯಲ್ಲಿ ‘ಹಲೆ ಓ ಕೆಆವೆ’ ಗುಡಿ, ಸುತ್ತ ಮರದ ದೇವರುಗಳು. ಮೂಲ ಗುಡಿಯಲ್ಲಿ 23 ಅರಸರ ಅಸ್ಥಿಗಳಿದ್ದವು. ಅವರ ಶಕ್ತಿಯೇ ಈ ನೆಲವನ್ನು ಕಾಯುತ್ತದೆ ಅನ್ನೋದು ನಂಬಿಕೆ. ಈಗಿರೋದು ಮರುನಿರ್ಮಾಣ.

1819ರಲ್ಲಿ ದೊರೆ ಲಿಹೊಲಿಹೊ ಹೆಂಗಸರ ಜೊತೆ ಕೂತು ಊಟ ಮಾಡಿದ. ಆ ಒಂದು ಊಟದಿಂದ ಕಪು ವ್ಯವಸ್ಥೆ ಕುಸಿಯಿತು. ಕಟ್ಟಳೆ ಹೋದರೂ ಈ ಜಾಗದ ಗೌರವ ಹೋಗಿಲ್ಲ. ಸಾವಿನ ಶಿಕ್ಷೆ ಬರೆದ ಸಮಾಜವೇ ಕ್ಷಮೆಗೂ ಇಷ್ಟು ದೊಡ್ಡ ಜಾಗ ಬಿಟ್ಟಿತ್ತಲ್ಲ, ನನಗೆ ಹೆಚ್ಚು ಕಾಡಿದ್ದು ಅದೇ.

ಹೋಗೋದಾದ್ರೆ ಬೆಳಿಗ್ಗೆನೇ ಹೋಗಿ, ಕಪ್ಪು ಕಲ್ಲು ಬೇಗ ಕಾಯುತ್ತೆ. ನೀರು, ಟೋಪಿ, ಗಟ್ಟಿ ಚಪ್ಪಲಿ ಇರಲಿ. ಗೋಡೆ ಹತ್ತಬೇಡಿ, ಕಲ್ಲು ಎತ್ತಿಕೊಂಡು ಬರಬೇಡಿ. ಹವಾಯಿ ಜನಕ್ಕೆ ಇದು ಇವತ್ತಿಗೂ ಪುಣ್ಯಭೂಮಿ.