ಬೀರುವಿನಲ್ಲಿರುವ ಕಂದು ಬೆಲ್ಟು

ಮಗಳು ಕರಾಟೆಗೆ ಸೇರಿದ್ದು ದೊಡ್ಡಬಳ್ಳಾಪುರದಲ್ಲಿ, ಮೂರನೇ ತರಗತಿಯಲ್ಲಿದ್ದಾಗ. ಬೀದಿಯ ಎರಡೂ ಕಡೆ ಮಗ್ಗಗಳ ಸದ್ದು. ಅದನ್ನೂ ಮೀರಿಸಿ ಶಾಲೆಯ ಅಂಗಳದಿಂದ ಮಕ್ಕಳ ಕೂಗು. ನಾಲ್ಕು ವರ್ಷಗಳಲ್ಲಿ ಅವಳ ಬಿಳಿ ಬೆಲ್ಟು ಹಳದಿಯಾಗಿ, ಹಸಿರಾಗಿ, ಕೊನೆಗೆ ಕಂದು ಬಣ್ಣಕ್ಕೆ ಬಂತು. ಪ್ರತಿ ಪರೀಕ್ಷೆಗೂ ಫೀಸು ಕಟ್ಟಿದೆ. ಪ್ರತಿ ಸರ್ಟಿಫಿಕೇಟಿಗೂ ಗಾಜು ಹಾಕಿಸಿ ಹಜಾರದಲ್ಲಿ ತೂಗುಹಾಕಿದೆ. ಕಪ್ಪು ಬೆಲ್ಟು ಇನ್ನೇನು ಕೈಗೆ ಬಂತು ಅನ್ನುವಾಗ ನನಗೆ ದೇವನಹಳ್ಳಿಗೆ ವರ್ಗವಾಯಿತು.

ಅಲ್ಲಿಯೂ ಒಂದು ಕರಾಟೆ ತರಗತಿ ಇತ್ತು. ಮಾಸ್ಟರು ಅವಳಿಂದ ಒಂದು ಕಟಾ ಮಾಡಿಸಿ ನೋಡಿದರು. "ಚೆನ್ನಾಗಿ ಮಾಡ್ತೀಯಮ್ಮ" ಎಂದು ನನ್ನ ಕಡೆ ತಿರುಗಿದರು. "ಆದರೆ ಸಾರ್, ಈ ಬೆಲ್ಟು ನಮ್ಮಲ್ಲಿ ನಡೆಯೋಲ್ಲ. ಇವಳು ಕಲಿತದ್ದು ಶೋಟೊಕಾನ್, ನಮ್ಮದು ಗೋಜು-ರ್ಯು. ಬಿಳಿ ಬೆಲ್ಟಿನಿಂದಲೇ ಶುರು ಮಾಡಬೇಕು."

ದಾರಿಯುದ್ದಕ್ಕೂ ಮಗಳು ಮಾತಾಡಲಿಲ್ಲ. ಮನೆಗೆ ಬಂದು ಬೆಲ್ಟನ್ನು ಮಡಚಿ ಬೀರುವಿನಲ್ಲಿಟ್ಟಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಅಪ್ಪಾ, ನಾಲ್ಕು ವರ್ಷ ಕಲಿತದ್ದೆಲ್ಲ ಸುಳ್ಳಾ?"

ನನಗೆ ಸಿಟ್ಟು ಬಂದು ಹಳೆಯ ಮಾಸ್ಟರಿಗೆ ಫೋನು ಮಾಡಿದೆ. "ಅವರದ್ದು ಅಸಲಿ ಕರಾಟೆಯೇ ಅಲ್ಲ ಬಿಡಿ ಸಾರ್" ಎಂದರು. ಮಾರನೆಯ ದಿನ ಹೊಸ ಮಾಸ್ಟರನ್ನು ಕಂಡರೆ ಅವರೂ ಅದೇ ಮಾತನ್ನು ತಿರುಗಿಸಿ ಹೇಳಿದರು. ಇಬ್ಬರೂ ಒಳ್ಳೆಯವರೇ. ಇಬ್ಬರ ಗೋಡೆಯ ಮೇಲೂ ಜಪಾನಿನ ಹಿರಿಯರೊಬ್ಬರ ಫೋಟೋ ಇದೆ. ಆ ಹಿರಿಯರು ಯಾರು ಎಂದು ಹುಡುಕಿಕೊಂಡು ಹೊರಟೆ.

ಕರಾಟೆಯ ತವರು ಓಕಿನಾವಾ ದ್ವೀಪ. ಶೋಟೊಕಾನ್ ಪರಂಪರೆಯ ಗಿಚಿನ್ ಫುನಕೋಶಿ ಅಲ್ಲಿನ ಶುರಿಯವರು. ಗೋಜು-ರ್ಯು ಕಟ್ಟಿದ ಚೋಜುನ್ ಮಿಯಾಗಿ ನಾಹಾದವರು. ಶುರಿಗೂ ನಾಹಾಕ್ಕೂ ನಡುವೆ ನಮ್ಮ ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಇರುವಷ್ಟೂ ದೂರವಿಲ್ಲ. ಇಂದು ಶುರಿ ನಾಹಾ ನಗರದ ಒಂದು ಭಾಗವೇ ಆಗಿದೆ.

ಹಿಂದೆ ಅಲ್ಲಿ ಬೆಲ್ಟೂ ಇರಲಿಲ್ಲ, ದರ್ಜೆಯೂ ಇರಲಿಲ್ಲ. 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆ ಪ್ರದರ್ಶಿಸಿದ ಫುನಕೋಶಿ, ಜಿಗೊರೊ ಕಾನೋ ಅವರ ಜೂಡೋದಲ್ಲಿದ್ದ 'ದಾನ್' ಪದ್ಧತಿಯನ್ನು ತೆಗೆದುಕೊಂಡು 1924ರಲ್ಲಿ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟರು. ಮಿಯಾಗಿಯವರು ಮಾತ್ರ ಶಿಷ್ಯರಿಗೆ ದಾನ್ ದರ್ಜೆ ಕೊಡಲೇ ಇಲ್ಲ. 1953ರಲ್ಲಿ ಅವರು ತೀರಿಕೊಂಡ ಮೇಲೆ ಹಿರಿಯ ಶಿಷ್ಯರು ಬೇರೆ ಬೇರೆ ಶಾಲೆಗಳನ್ನು ನಡೆಸಿದರು. ಮೇಯ್ತೊಕು ಯಾಗಿ ಅವರದ್ದು ಮೇಯ್ಬುಕಾನ್, ಎಯ್ಇಚಿ ಮಿಯಾಜಾತೊ ಅವರದ್ದು ಜುಂದೊಕಾನ್. ನಿಜವಾದ ವಾರಸುದಾರ ಯಾರು ಎಂಬ ವಾದ ಶಿಷ್ಯರ ಶಿಷ್ಯರಿಗೂ ಇಳಿದು ಬಂತು. ಗುರು ಇದ್ದಾಗ ಅವರ ಒಂದು ಮಾತು ಸಾಕಿತ್ತು. ಅವರು ಹೋದ ಮೇಲೆ ಕಾಗದ ಬೇಕಾಯಿತು.

ಇದನ್ನು ಓದುವಾಗ ನಮ್ಮ ತಾತ ನೆನಪಾದರು. ಅವರು ಗರಡಿಯಲ್ಲಿ ಸಾಮು ಮಾಡಿದವರು. ಗರಡಿ ಗರಡಿಗಳ ನಡುವೆ ಜಿದ್ದು ಆಗಲೂ ಇತ್ತು. ಆದರೆ ಬೇರೆ ಗರಡಿಯ ಹುಡುಗ ಬಂದರೆ ಉಸ್ತಾದರು ಚೀಟಿ ಕೇಳುತ್ತಿರಲಿಲ್ಲವಂತೆ. ಆಂಜನೇಯನಿಗೆ ಕೈಮುಗಿಸಿ, ಮಟ್ಟಿಗೆ ಇಳಿಸಿ, ಒಂದು ಪಟ್ಟು ಹಾಕಿಸಿ ನೋಡುತ್ತಿದ್ದರಂತೆ.

ಹೊಸ ಮಾಸ್ಟರು ಮಾಡಿದ್ದೂ ಅದನ್ನೇ ಅಲ್ಲವೇ ಎಂದು ಆಮೇಲೆ ಹೊಳೆಯಿತು. ಶೋಟೊಕಾನಿನಲ್ಲಿ ಕಾಲು ಉದ್ದಕ್ಕೆ ಚಾಚಿ ಮೈ ತಗ್ಗಿಸಿ ನಿಲ್ಲುತ್ತಾರೆ. ಗೋಜು-ರ್ಯುವಿನ 'ಸಾಂಚಿನ್' ಕಟಾದಲ್ಲಿ ಹೆಜ್ಜೆ ಗಿಡ್ಡ, ಪಾದ ಒಳಮುಖ, ಉಸಿರು ಹೊಟ್ಟೆಯಾಳದಿಂದ. ಗುರು ಹೆಗಲು, ತೊಡೆ ತಟ್ಟಿ ಬಿಗಿ ನೋಡುತ್ತಾರೆ. ಇದನ್ನು ಕಲಿಯದವಳಿಗೆ ತಮ್ಮ ಕಂದು ಬೆಲ್ಟು ಕೊಡಲಾರೆ ಎಂದದ್ದು ನ್ಯಾಯವೇ. 'ಅಸಲಿಯಲ್ಲ' ಎಂದು ಇಬ್ಬರೂ ಆಡಿಕೊಂಡದ್ದು ಮಾತ್ರ ನ್ಯಾಯವಲ್ಲ. ನನ್ನ ತಪ್ಪು ಅದಕ್ಕಿಂತ ದೊಡ್ಡದು. ನಾಲ್ಕು ವರ್ಷ ಫೀಸು ಕಟ್ಟಿದವನು ಮಗಳು ಕಲಿತ ಒಂದು ಕಟಾದ ಹೆಸರನ್ನೂ ಕೇಳಿರಲಿಲ್ಲ.

ತಂದೆ ತಾಯಂದಿರಲ್ಲಿ ನನ್ನದೊಂದು ಕೋರಿಕೆ. ಮಕ್ಕಳನ್ನು ಸೇರಿಸುವ ಮೊದಲೇ ಇದು ಯಾವ ಶೈಲಿ, ಸರ್ಟಿಫಿಕೇಟು ಕೊಡುವ ಸಂಸ್ಥೆ ಯಾವುದು, ಊರು ಬದಲಾದರೆ ಬೆಲ್ಟಿನ ಗತಿಯೇನು ಎಂದು ಕೇಳಿ. ಕ್ರೀಡಾ ಕೋಟಾದ ಸೀಟನ್ನು ನಂಬಿ ಕಲಿಸುವವರು, ಆ ಕೋಟಾದ ನಿಯಮಗಳು ಯಾವ ಸಂಸ್ಥೆಯ ಪ್ರಮಾಣಪತ್ರವನ್ನು ಒಪ್ಪುತ್ತವೆ ಎಂಬುದನ್ನೂ ವಿಚಾರಿಸಿ. 2020ರಲ್ಲಿ ವಿಶ್ವ ಕರಾಟೆ ಒಕ್ಕೂಟವು ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನೇ ಹಿಂದಕ್ಕೆ ಪಡೆದಿತ್ತು. ಮಾನ್ಯತೆ ಬರುತ್ತದೆ, ಹೋಗುತ್ತದೆ. ಮೈಗೆ ಹತ್ತಿದ ವಿದ್ಯೆ ಹೋಗುವುದಿಲ್ಲ.

ಮಗಳಿಗೆ ಇದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಸೇರುವುದೂ ಬಿಡುವುದೂ ನಿನಗೆ ಬಿಟ್ಟದ್ದು ಎಂದೆ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಬಿಳಿ ಬೆಲ್ಟು ಕಟ್ಟಿಕೊಂಡು ಹೊರಟಳು. ಸಾಲಿನ ಕೊನೆಯಲ್ಲಿ ನಿಂತಳು. ಎಂಟು ವರ್ಷದ ಪೋರನೊಬ್ಬ, "ಅಕ್ಕಾ, ಕಾಲು ಹಾಗಲ್ಲ, ಹೀಗೆ" ಎಂದು ತೋರಿಸಿಕೊಟ್ಟ. ಅವಳು ನಕ್ಕು ಪಾದ ಒಳಕ್ಕೆ ತಿರುಗಿಸಿದಳು. ನಾನು ಗೇಟಿನ ಹೊರಗೆ ನಿಂತು ಕಣ್ಣೊರೆಸಿಕೊಂಡೆ.

ಈಗಲೂ ಬೆಳಗ್ಗೆ ತಾರಸಿಯ ಮೇಲೆ ಮೊದಲು ಹಳೆಯ ಹೇಯಾನ್ ಕಟಾ ಮಾಡಿ, ಆಮೇಲೆ ಸಾಂಚಿನ್ ಮಾಡುತ್ತಾಳೆ. ಹಜಾರದ ಸರ್ಟಿಫಿಕೇಟುಗಳನ್ನು ಇಳಿಸಲು ಹೋದಾಗ ಅವಳೇ ತಡೆದಳು. "ಇರಲಿ ಬಿಡಿ ಅಪ್ಪಾ, ಅದರಲ್ಲಿ ನಮ್ಮ ಮಾಸ್ಟರ್ ಸಹಿ ಇದೆ."