ಮಂಗಳೂರಿನ ತೆಂಗಿನ ಕಳ್ಳು

ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಯಲ್ಲಿ ಕಡಲಿನ ಉಪ್ಪೂ ಹೊಗೆಯೂ ನಾಲಗೆಗೆ ತಾಕುವುವೆಂದು ರಸಿಕರು ಹೇಳುವುದುಂಟು. ಅದು ಓಕ್ ಮರದ ಪೀಪಾಯಿಯಲ್ಲಿ ಕಡಮೆಯೆಂದರೆ 3 ವರ್ಷ ಕುಳಿತಿರಬೇಕು. ನಮ್ಮ ಕಡಲಂಚಿನ ಕಳ್ಳಿಗಾದರೋ 3 ಗಳಿಗೆಯ ತಾಳ್ಮೆಯೂ ಇಲ್ಲ.

ನೇತ್ರಾವತಿಯ ದಡದ ತೋಟವೊಂದರಲ್ಲಿ ನಾವು ಅದರ ರುಚಿ ನೋಡಿದೆವು. ಮೂರ್ತೆಯವರು ಅರಳದ ಹೊಂಬಾಳೆಯನ್ನು ಬಿಗಿದು, ಮೆಲ್ಲನೆ ಬಡಿದು, ತುದಿಯನ್ನು ತೆಳ್ಳಗೆ ಕೊಯ್ದು ಮಡಕೆ ಕಟ್ಟುತ್ತಾರೆ. ಮಡಕೆಯೊಳಗೆ ಸುಣ್ಣ ಬಳಿದರೆ ರಸವು ಹುಳಿಯೇರದು, ಅದು ಬೆಲ್ಲಕ್ಕೆ. ಬಳಿಯದೆ ಇಳಿಸಿದ್ದು ಮುಂಜಾನೆ ಎಳನೀರಿಗಿಂತ ಸಿಹಿಯಾಗಿದ್ದಿತು, ಮಧ್ಯಾಹ್ನಕ್ಕೆ ನೊರೆಯೆದ್ದು ಚುರುಗುಟ್ಟಿತು, ಸಂಜೆಗೆ ಬರಿಯ ಹುಳಿ. ಉಪ್ಪು ಮಾತ್ರ ನಮ್ಮ ನಾಲಗೆಗೆ ಸಿಕ್ಕಲಿಲ್ಲ. ಕುಡಿಯದ ಮನೆಗಳಿಗೂ ಇದು ಬರುವುದುಂಟು: ಇಲ್ಲಿಯ ಕ್ರೈಸ್ತ ಗೃಹಿಣಿಯರ ಸನ್ನಾ ಉಬ್ಬುವುದು ಈ ಕಳ್ಳಿನಿಂದಲೇ.

ಇದೇ ಊರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ನಾರಾಯಣ ಗುರುಗಳು ಮದ್ಯವನ್ನು ಮಾಡಬೇಡಿ, ಕುಡಿಯಬೇಡಿ ಎಂದು ಬೋಧಿಸಿದವರು. ಅವರನ್ನು ಬರಮಾಡಿಕೊಂಡ ಬಿಲ್ಲವರಲ್ಲಿ ಅನೇಕರ ಅನ್ನವು ಆ ಮರದ ಮೇಲೆಯೇ ಇದ್ದಿತು! ಗುರುಗಳ ಮಾತು ಎಷ್ಟೋ ಸಂಸಾರಗಳನ್ನು ಉಳಿಸಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹೊಂಬಾಳೆಯನ್ನು ಒಡೆಯದಂತೆ ಬಡಿಯುವ ಆ ಕೈಯ ಹದವನ್ನು ಕಂಡವರಿಗೆ, ಅದು ಅಳಿದುಹೋಗಲೆನ್ನಲು ನಾಲಗೆ ಏಳದು. ನಮಗೆ ಕಳ್ಳು ಇಳಿಸಿಕೊಟ್ಟ ವೃದ್ಧರು ಮಗನನ್ನು ಓದಿಸಿದ್ದಾರೆ. ಅವನು ಮರ ಹತ್ತುವುದಿಲ್ಲ.